ಐದು ಮೀಟರು, ಒಂದು ಟವಲು

ಬಿಳಿಗುಂಡ್ಲಿನಿಂದ ಬಹಳ ಕೆಳಗೆ, ಹೊಳೆ ಮಗ್ಗುಲು ಬದಲಿಸುವ ಕಡೆ,
ನಲವತ್ತೊಂದನೆಯ ಮರದ ಮುಂದೆ
ನಮ್ಮ ಟೇಪು ಮುಗಿದುಹೋಯಿತು.

ಅಂಚೆಟ್ಟಿ ಕಚೇರಿಯಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟ
ಐದು ಮೀಟರಿನ ಟೇಪು. ಮೊದಲ ಮೂರು ಅಂಕಿ
ಯಾರದೋ ಬೆವರಿಗೆ ಅಳಿಸಿವೆ.
ನಾನು ದಿನಗೂಲಿಯ ಅಳತೆಗಾರ್ತಿ. ಬರೆಯುವುದು ತಮಿಳಿನಲ್ಲಿ,
ಎಣಿಸುವುದು ಮಾತ್ರ ಕನ್ನಡದಲ್ಲಿ.
ನಾವು ತೊರೆಮತ್ತಿ ಅನ್ನುವುದು ರಿಜಿಸ್ಟರಿನಲ್ಲಿ ನೀರ್‌ಮರುದು.
ಮರಕ್ಕೆ ಎರಡೂ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಸುಮ್ಮನಿದೆ,
ಈರಮಾದನ ಹಾಗೆ:
ರೇಂಜರು ತಮಿಳಿನಲ್ಲಿ ಬೈದರೆ ಅವನು ಕನ್ನಡದವನು,
ಕನ್ನಡದಲ್ಲಿ ಕೆಲಸ ಹೇಳಿದರೆ ಇರುಳ.

ಇದು ಈಗ ಅಭಯಾರಣ್ಯ.
ಅಭಯ ಯಾರು ಯಾರಿಗೆ ಕೊಟ್ಟದ್ದು ಎಂದು ಕೇಳುತ್ತಾನೆ ಅವನು,
ಜಗಳಕ್ಕಲ್ಲ, ತಿಳಿದುಕೊಳ್ಳೋಣ ಎಂದು.
ಅವರ ಹಟ್ಟಿ ಇದ್ದಲ್ಲಿ ವಾಚರುಗಳ ಶೆಡ್ಡು ಬಂದಿದೆ.
ಒಲೆಯ ಮೂರು ಕಲ್ಲು ಮಾತ್ರ ಹಳೆಯವೇ.

ಆ ಬದಿಯಿಂದ ಟೇಪಿನ ತುದಿ ಹಿಡಿದು ಕೂಗಿದ:
"ಇನ್ನೂ ಬಾಕಿ ಅದೆ ಕಣಮ್ಮಾ, ಹೊಟ್ಟೆ ಈಗ ಶುರುವಾಯ್ತು."
ಅವನು ನನಗೆ ಕಾಣುತ್ತಿರಲಿಲ್ಲ.
ಮರದ ಈಚೆಗೊಬ್ಬರು ಆಚೆಗೊಬ್ಬರು ನಾವು,
ಮಾತು ಮುರಿದ ಬೀಗರಂತೆ.
ಕೊನೆಗೆ ತಲೆಯ ಟವಲು ಬಿಚ್ಚಿ ಟೇಪಿಗೆ ಗಂಟು ಹಾಕಿದ.
ಬೂದಿ ಬಳಿದಂಥ ತೊಗಟೆಗೆ ಕೆನ್ನೆ ಒತ್ತಿ
ಸರಿಯುತ್ತ, ಸರಿಯುತ್ತ,
ಬೆರಳಿಗೆ ಬೆರಳು ಸಿಕ್ಕಿತು.

ಎದೆಮಟ್ಟದಲ್ಲಿ ಒಂದು ತಗಡು, ಹಿಂದೆ ಯಾರೋ ಹೊಡೆದ ನಂಬರು.
ಮರ ಅದನ್ನು ಮುಕ್ಕಾಲು ನುಂಗಿದೆ.
ಉಳಿದದ್ದು ಒಂದು ಏಳು, ಇಲ್ಲವೇ ಒಂದರ ಮುರಿದ ಸೊಂಟ.
ಮೇಲೆ, ಕೈಗೆಟುಕದ ಕವಲಿನಲ್ಲಿ
ಒಣಹುಲ್ಲು, ಹರಿಗೋಲಿನ ಬಿದಿರು ಪಟ್ಟಿ, ಎಡಗಾಲಿನ ಒಂದು ಹವಾಯಿ ಚಪ್ಪಲಿ:
ಹೊಳೆ ಬಂದು ಸಹಿ ಮಾಡಿ ಹೋದ ಎತ್ತರ.

ಅಪ್ಪ ಬಿಳಿಗುಂಡ್ಲಿನಲ್ಲಿ ನೀರು ಅಳೆಯುತ್ತಿದ್ದ,
ಬಣ್ಣ ಬಳಿದ ಕಂಬದ ಗೀಟು ನೋಡಿ.
ಬೆಳಿಗ್ಗೆ ಅವನು ಬರೆದ ಅಂಕಿ ಸಂಜೆಗೆ ರೇಡಿಯೋದಲ್ಲಿ,
ಮರುದಿನ ಎರಡೂ ಕಡೆ ಬಸ್ಸು ಬಂದ್.
ಅಂಥ ದಿನ ಮನೆಗೆ ಬಂದು ಕಾಲು ತೊಳೆದವನು
ಚೊಂಬಿನಲ್ಲಿ ಉಳಿದದ್ದನ್ನು ಚೆಲ್ಲದೆ, ಗಿಡಕ್ಕೂ ಹಾಕದೆ
ನೋಡುತ್ತ ನಿಲ್ಲುತ್ತಿದ್ದ:
ಇದನ್ನು ಯಾರ ಲೆಕ್ಕಕ್ಕೆ ಬರೆಯಲಿ?

ಒಂದು ಹರದಾರಿ ಕೆಳಗೆ ನೀರು ಧುಮುಕುವ ಸದ್ದು
ಕಿವಿಗಲ್ಲ, ತೊಗಟೆಗೆ ಒತ್ತಿದ ಕೆನ್ನೆಗೆ ಕೇಳಿಸಿತು.
ಹೊಗೇನಕಲ್ಲು. ಬೋರ್ಡಿನ ಮೇಲೆ ಒಗೇನಕ್ಕಲ್.
ಹೊಳೆ ದಾಟುವಾಗ ಹಕಾರ ನೀರಿಗೆ ಬಿತ್ತು
ಎಂದು ನಮ್ಮ ಮೇಷ್ಟರು ಕೊರಗುತ್ತಿದ್ದರು.
ಅಜ್ಜಿಯೋ, ಬಾಯಿ ಬಂದಾಗಿನಿಂದ ಒಗೆಕಲ್ಲು ಎಂದೇ ಅಂದವಳು.
ಅವಳ ಪ್ರಕಾರ ಅದು ಹೊಗೆಯೇ ಅಲ್ಲ;
ಯಾರೋ ದೊಡ್ಡ ಹೆಂಗಸು ಬಟ್ಟೆ ಒಗೆಯುತ್ತಿದ್ದಾಳೆ,
ನೊರೆ ನೋಡು, ಏಟು ಕೇಳು,
ಬೇರೆ ರುಜುವಾತು ಏನು ಬೇಕು?

ರಿಜಿಸ್ಟರಿನಲ್ಲಿ ಬರೆದೆ:
ಸುತ್ತಳತೆ, ಐದು ಮೀಟರು, ಒಂದು ಟವಲು.
ಷರಾ, ಬೂದು ಅಳಿಲಿನ ಗೂಡು ಎರಡು, ಒಂದು ಹಳತು.
ಕೆಂಪು ಶಾಯಿಯಲ್ಲಿ ವಾಪಸು ಬಂತು: ಮತ್ತೆ ಅಳೆಯುವುದು.

ಅಷ್ಟರಲ್ಲಿ ಮೇಲೆ ಅಣೆಕಟ್ಟಿನ ಬಾಗಿಲು ತೆರೆದಿದ್ದರು.
ಮರ ಸೊಂಟದ ತನಕ ಕೆನ್ನೀರಿನಲ್ಲಿ.
ಹೊಳೆ ಅದನ್ನು ತಬ್ಬಿ, ಸುತ್ತಿ, ಬಿಟ್ಟು, ಹೋಗುತ್ತಿತ್ತು,
ಅಂಕಿ ಯಾರಿಗೂ ಹೇಳದೆ.
ದಡದಲ್ಲಿ ನಿಂತು ಟವಲು ಕೇಳಿದೆ,
ಅದನ್ನಾದರೂ ಅಳೆದು ಕೂಡಿಸೋಣ ಎಂದು.
ಈರಮಾದ ತಲೆ ಕೆರೆದುಕೊಂಡ:
"ಮೊನ್ನೆ ಒಗೆದುಬಿಟ್ಟೆನಲ್ಲಮ್ಮ.
ಒಂದು ಗೇಣು ಕುಗ್ಗಿರಬೇಕು."